ನಾಲ್ಕು ನಿಮಿಷ, ಕೂರಬಾರದು

ಮೂರನ್ನು ಎಂಟು ಎಂದು ಬರೆದದ್ದು ತಾನೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಪುಸ್ತಕದಲ್ಲಿದ್ದದ್ದು ಅವಳದೇ ಕೈಬರಹ, ಅವಳದೇ ಸಣ್ಣ ಸಹಿ. ನೀರು ಸರಬರಾಜು ಕಚೇರಿಯ ಮೇಲ್ವಿಚಾರಕರು ಪುಟವನ್ನು ಅವಳ ಕಡೆಗೆ ತಿರುಗಿಸಿ, ತಪ್ಪಿನ ಮೇಲೆ ಬೆರಳಿಡದೆ ತಪ್ಪಿನ ಪಕ್ಕದಲ್ಲಿ ಬೆರಳಿಟ್ಟರು. ಅದು ಅವರ ಮರ್ಯಾದೆ. "ನೋಡಿ ಮೇಡಂ, ಈ ಮನೇಲಿರೋದು ಗಂಡ ಹೆಂಡತಿ ಇಬ್ಬರೇ. ನೀವು ಮೀಟರ್ ಓದ್ಕೊಂಡು ಬಂದಿರೋ ಪ್ರಕಾರ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿರ್ಬೇಕು. ಆಯಪ್ಪ ಬೆಳಿಗ್ಗೆ ಬಂದು, ಎಲ್ಲಿದೆ ತೋರ್ಸಿ ಸಾರ್, ನಾನೂ ಒಂದ್ಸಲ ಇಳೀತೀನಿ ಅಂದ." ಪಕ್ಕದ ಮೇಜಿನ ಟೈಪಿಸ್ಟ್ ತುಟಿ ಕಚ್ಚಿಕೊಂಡು ಕಾಗದ ಜೋಡಿಸುವ ನೆಪ ಮಾಡಿದಳು. ಅವಳೂ ನಗಲು ನೋಡಿದಳು, ಆದರೆ ನಗು ಅರ್ಧಕ್ಕೆ ಬಂದು ನಿಂತಿತು. ಕತ್ತಲೆ ಕವಿದ ಆ ಮನೆಯ ಗೋಡೆಯ ಮೂಲೆ, ಬಗ್ಗಿ ನೋಡಿದಾಗ ಮೀಟರಿನ ಗಾಜಿನೊಳಗೆ ಅಂಕಿಗಳು ನೀರಲ್ಲಿ ಅದ್ದಿದಂತೆ ಕದಡಿಕೊಂಡಿದ್ದು, ಎಂಟಿರಬಹುದು ಎಂದುಕೊಂಡದ್ದು, ಇನ್ನೊಮ್ಮೆ ನೋಡೋಣ ಎಂದುಕೊಂಡದ್ದು, ನೋಡದೆ ಬಂದದ್ದು ಎಲ್ಲ ನೆನಪಿತ್ತು. ಇನ್ನೊಮ್ಮೆ ನೋಡಬೇಕು ಅನ್ನಿಸಿದಾಗಲೂ ನೋಡದೆ ಮುಂದೆ ಹೋಗುವುದು ತನ್ನ ಹಳೆಯ ರೋಗ ಎಂದು ಅವಳಿಗೆ ಗೊತ್ತಿತ್ತು.

"ಕೂತ್ಕೊಳ್ಳಿ" ಎಂದರು ಮೇಲ್ವಿಚಾರಕರು, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, "ಓ, ನೀವು ಕೂರಲ್ಲ ಅಲ್ವಾ" ಎಂದು ಸೇರಿಸಿದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಅವಳ ಫೋಟೋ ಇತ್ತು. ಪತ್ರಿಕೆಯಿಂದ ಕತ್ತರಿಸಿ ಕಚೇರಿಯವರೇ ಚೌಕಟ್ಟು ಹಾಕಿಸಿದ್ದರು. ಮೊಣಕಾಲಿನವರೆಗೆ ಕೆಸರು, ಎದೆಯ ಮೇಲೆ ಅರ್ಧ ಹರಿದ ನಂಬರು, ಹಿಂದೆ ಒಂದು ಖಾಲಿ ಬೆಂಚು. ಮೇಲೆ ದಪ್ಪ ಅಕ್ಷರದಲ್ಲಿ 'ಕೂರದವಳು' ಎಂದಿತ್ತು. ಬೆಟ್ಟಕಾಡಿನ ಹಾದಿಯಲ್ಲಿ ನೂರು ಮೈಲಿ ಓಡುವ ಪಂದ್ಯ, ಗಂಡಸರು ಹೆಂಗಸರು ಎಲ್ಲ ಒಟ್ಟಿಗೇ ಓಡುವುದು. ಅದನ್ನು ಅವಳು ಒಂಬತ್ತು ವರ್ಷದಲ್ಲಿ ಆರು ಸಲ ಗೆದ್ದಿದ್ದಳು. ಗೆದ್ದವರು ಬೇರೆಯವರೂ ಇದ್ದಾರೆ. ಆದರೆ ದಾರಿಯ ಒಂದು ಚೆಕ್‌ಪಾಯಿಂಟಿನಲ್ಲಾದರೂ, ಶೂ ಬಿಚ್ಚಿ ಕಾಲುಚೀಲ ಬದಲಿಸುವಾಗಲಾದರೂ ಕುಂಡೆ ಊರದವರು ಬೇರೆ ಯಾರೂ ಇರಲಿಲ್ಲ. ನಾಲ್ಕೇ ನಿಮಿಷ, ನಿಂತೇ. ಒಂಟಿ ಕಾಲಲ್ಲಿ ಕೊಕ್ಕರೆಯ ಹಾಗೆ. ಎಲ್ಲರೂ ಅದನ್ನು ಛಲ ಎಂದರು. ಹೊಸಬರು ಅವಳನ್ನು ನೋಡಿ ಕಲಿತರು. ಆಮೇಲಾಮೇಲೆ ಅದು ಮನೆಗೂ ಕಚೇರಿಗೂ ಹಬ್ಬಿ, ಕುರ್ಚಿ ಎಳೆದುಕೊಟ್ಟವರು ಪೆಚ್ಚಾಗಿ ವಾಪಸ್ ತಳ್ಳುವುದು, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕಂಬ ಹಿಡಿದು ನಿಲ್ಲುವುದು ಮಾಮೂಲಾಯಿತು. ಕೂತರೆ ಯಾರೋ ಬಂದು, ಏಳಿ, ಅದು ನಿಮ್ಮ ಜಾಗ ಅಲ್ಲ ಎನ್ನುತ್ತಾರೇನೋ ಎಂಬ ಹೆದರಿಕೆ ಅದರೊಳಗಿತ್ತು ಎಂದು ಯಾರಿಗೆ ಹೇಳುವುದು?

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಪಂದ್ಯದ ಕಾರ್ಯದರ್ಶಿ; ಬೆಳಗ್ಗೆಯಿಂದ ಮೂರನೆಯ ಸಲ. ಈ ವರ್ಷ ಓಡುತ್ತೀರೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಅವರಿಗೆ ತಿಳಿಯಬೇಕು. ಓಡುವುದಿಲ್ಲ ಎನ್ನಲು ಅವಳಿಗೆ ಕಾರಣ ಬೇಕಿತ್ತು, ಕಾರಣ ಇರಲಿಲ್ಲ. ಮಂಡಿ ನೋಯುತ್ತಿತ್ತು, ಆದರೆ ಮಂಡಿ ಹೋದ ವರ್ಷವೂ ನೋಯುತ್ತಿತ್ತು. ಬೇಡ ಅನ್ನಿಸಿ ಎಷ್ಟೋ ವರ್ಷವಾಗಿತ್ತು, ಆದರೆ ಬೇಡ ಅನ್ನಿಸುವುದು ಒಂದು ಕಾರಣವೇ? ಅವಳು ಫೋನಿನ ಬಾಯಿ ಮುಚ್ಚಿಸಿದಳು. ಮೇಲ್ವಿಚಾರಕರು ಡ್ರಾಯರಿನಿಂದ ಒಂದು ಚೀಟಿ ತೆಗೆದು ಠಸ್ಸೆ ಒತ್ತಿದರು. "ಕನ್ನಡಕ ಹಾಕಿಸ್ಕೊಳ್ಳಿ. ನಲವತ್ತು ದಾಟಿದ್ಮೇಲೆ ಎಲ್ಲರಿಗೂ ಇದ್ದದ್ದೇ, ನಾಚ್ಕೊಳ್ಳೋದೇನಿದೆ. ನಮ್ಮ ಕಚೇರಿಯವರಿಗೆಲ್ಲ ಒಂದೇ ಅಂಗಡಿ. ಇವತ್ತೇ ಹೋಗ್ಬಿಡಿ, ನಾಳೆಯಿಂದ ಹೊಸ ತಿಂಗಳ ಓದು ಶುರು." ಅವಳು ಚೀಟಿಯನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಿದಳು. ಓದಬೇಕಾದ ಅಗತ್ಯವಿರಲಿಲ್ಲ. ಅಂಗಡಿಯ ಹೆಸರಿನ ಮೇಲೆ ಅಚ್ಚಾಗಿದ್ದ, ಒಂದು ಕಣ್ಣು ಸ್ವಲ್ಪ ಮೇಲೆ ಒಂದು ಕಣ್ಣು ಸ್ವಲ್ಪ ಕೆಳಗೆ ಇದ್ದ ಆ ಕನ್ನಡಕದ ಚಿತ್ರವನ್ನು ಅವಳು ಒಂಬತ್ತು ವರ್ಷದ ಹಿಂದೆ, ಮಳೆಯಲ್ಲಿ ನೆನೆದ ಒಂದು ಹಳದಿ ಬಟ್ಟೆಯ ಮೂಲೆಯಲ್ಲಿ ನೋಡಿದ್ದಳು.

ಆ ಅಂಗಡಿಯಿರುವ ಬೀದಿಗೆ ಅವಳು ಕಾಲಿಟ್ಟಿರಲಿಲ್ಲ. ಮೀಟರ್ ಓದುವ ಬೀದಿಗಳನ್ನು ಹಂಚುವಾಗ ಅದು ತನ್ನ ಪಾಲಿಗೆ ಬಂದರೆ, ಬೆಟ್ಟದ ಪಕ್ಕದ ಮೆಟ್ಟಿಲು ಬೀದಿಗಳನ್ನು ನಾನು ತಗೊಳ್ತೀನಿ, ಇದನ್ನ ನೀವು ತಗೊಳ್ಳಿ ಎಂದು ಬದಲಿಸಿಕೊಳ್ಳುತ್ತಿದ್ದಳು. ಪಾಪ, ಒಳ್ಳೆಯವರು, ಹತ್ತೋದೆಲ್ಲ ತಾವೇ ಇಟ್ಕೊಳ್ತಾರೆ ಎಂದು ಜೊತೆಯವರು ಹೊಗಳಿದ್ದರು. ಆ ಹೊಗಳಿಕೆಯೂ ಕದ್ದದ್ದೇ. ಇವತ್ತು ಅವಳು ಹಿಂದಿನ ಕೋಣೆಗೆ ಹೋಗಿ ತನ್ನ ಕಪಾಟಿನ ಬೀಗ ತೆಗೆದಳು. ಮಳೆಯಂಗಿಯ ಕೆಳಗೆ, ಹಳೆಯ ಮೀಟರ್ ಪುಸ್ತಕಗಳ ಕೆಳಗೆ, ಕಾಗದದಲ್ಲಿ ಸುತ್ತಿಟ್ಟ ಒಂದು ಜೊತೆ ಬೂದು ಬಣ್ಣದ ದಪ್ಪ ಕಾಲುಚೀಲಗಳಿದ್ದವು, ಗಂಡಸರವು. ಮನೆಯಲ್ಲಿಟ್ಟರೆ ಮತ್ತೆ ಅಕ್ಕನ ಕಣ್ಣಿಗೆ ಬೀಳುತ್ತದೆಂದು ಇಲ್ಲಿಟ್ಟಿದ್ದಳು. ಬೇರೆ ಮನೆ ಮಾಡಿದ ಮೇಲೂ ಇಲ್ಲೇ ಬಿಟ್ಟಿದ್ದಳು. ಅವನ್ನು ಚೀಲಕ್ಕೆ ಹಾಕಿಕೊಂಡಳು. ಇವತ್ತು ಹೇಳಿಬಿಡಬೇಕು. ಹೇಳದೆ ವಾಪಸ್ ಬಂದರೆ ಮುಖದ ಮೇಲೆ ಆ ಮನುಷ್ಯನೇ ಕೂರಿಸಿದ ಕನ್ನಡಕ, ಅದರೊಳಗಿಂದ ದಿನವೂ ಲೋಕವನ್ನು ನೋಡಬೇಕು. ಅದು ತನ್ನಿಂದ ಆಗುವುದಿಲ್ಲ.

ಅವತ್ತು ನಡೆದದ್ದನ್ನು ಅವಳು ಎಷ್ಟು ಸಲ ತಿರುವಿಹಾಕಿದ್ದಳೆಂದರೆ ಅದರ ಅಂಚುಗಳು ಸವೆದುಹೋಗಿದ್ದವು. ಎಪ್ಪತ್ತನೆಯ ಮೈಲಿಯ ಚೆಕ್‌ಪಾಯಿಂಟು ಒಂದು ತಗಡಿನ ಶೆಡ್ಡು. ಬೆಳಗಿನ ಹೊತ್ತು, ಮಳೆ. ಓಟಗಾರರು ಮುಂಚೆಯೇ ಕಳಿಸಿದ ಬ್ಯಾಗುಗಳನ್ನು ಅಲ್ಲಿ ರಾಶಿ ಹಾಕಿರುತ್ತಾರೆ: ಒಣ ಕಾಲುಚೀಲ, ತಿನ್ನುವುದಕ್ಕೆ ಏನಾದರೂ, ಮುಲಾಮು. ಬ್ಯಾಗುಗಳನ್ನು ಪಂದ್ಯದವರೇ ಕೊಡುವುದರಿಂದ ಎಲ್ಲವೂ ಒಂದೇ ನೀಲಿ. ನಂಬರು ಬರೆದ ಕಾಗದದ ಪಟ್ಟಿಗಳು ಮಳೆಗೆ ಕರಗಿ ಸಗಣಿಯಾಗಿದ್ದವು. ಅದಕ್ಕೆಂದೇ ಗುರುತಿಗೆ ಒಂದೊಂದು ಬಟ್ಟೆಚೂರು ಕಟ್ಟುವುದು; ಟೈಲರ್ ಆಗಿದ್ದ ಅಕ್ಕ ಅವಳದಕ್ಕೆ ಹಳದಿ ಅಸ್ತರಿನ ತುಂಡು ಕಟ್ಟಿದ್ದಳು. ಹಳದಿ ಕಂಡಿತು, ಎಳೆದಳು, ತೆರೆದಳು. ಮುಚ್ಚಳದ ಒಳಗೆ ಟೇಪು ಹಾಕಿ ಒಂದು ಕಾಗದ ಅಂಟಿಸಿತ್ತು. 'ನಾಲ್ಕು ನಿಮಿಷ. ಕೂರಬಾರದು.' ಅಕ್ಕನ ಅಕ್ಷರ ಅಲ್ಲ. ಆದರೆ ಅಕ್ಕ ಯಾರ ಕೈಲಾದರೂ ಬರೆಸಿರಬಹುದಲ್ಲ? ಆಮೇಲೆ ಕಾಲುಚೀಲ. ಬೂದು ಬಣ್ಣ, ಉದ್ದ. ಅಕ್ಕ ಹೊಸದು ತಂದಿರಬಹುದಲ್ಲ? ಹೀಗೆ ಎರಡು ಸಲ ಅಕ್ಕನ ಹೆಸರಿನ ಹಿಂದೆ ಅವಿತುಕೊಂಡಳು. ಎರಡು ಮಾರು ದೂರದಲ್ಲಿ ರಾಶಿ ಇತ್ತು, ಅದರಲ್ಲಿ ಇನ್ನೊಂದು ಹಳದಿ ಇರಲೇಬೇಕಿತ್ತು, ತಲೆ ತಿರುಗಿಸಿದರೆ ಸಾಕಿತ್ತು. ತಿರುಗಿಸಲಿಲ್ಲ. ಅವಳಿಗಿಂತ ಐದೇ ನಿಮಿಷ ಹಿಂದೆ ಆತ ಬರುತ್ತಿದ್ದ: ನಾಲ್ಕು ವರ್ಷದಿಂದ ಗೆಲ್ಲುತ್ತಿದ್ದವನು, ಎಪ್ಪತ್ತನೆಯ ಮೈಲಿಯವರೆಗೆ ಹಿಂದೆಯೇ ಇದ್ದು ಆಮೇಲೆ ಎಲ್ಲರನ್ನೂ ದಾಟುವವನು, ಊರಿನ ಕನ್ನಡಕದಂಗಡಿಯವನು. ಶೆಡ್ಡಿನಲ್ಲಿದ್ದ ನರ್ಸು, "ಕೂತ್ಕೊಂಡು ಹಾಕ್ಕೊಳ್ಳಮ್ಮ, ಬಿದ್ದೀಯ" ಎಂದರೆ ಅವಳು ಕಾಗದದ ಕಡೆ ಕೈ ತೋರಿಸಿದಳು. ನಿಂತೇ ಹಾಕಿಕೊಂಡಳು. ಬೆಚ್ಚಗಿತ್ತು. ಆ ಬೆಚ್ಚಗೆ ಇವತ್ತಿಗೂ ಪಾದದಲ್ಲಿದೆ. ಬ್ಯಾಗಿಗೆ ಕಟ್ಟಿದ್ದ ಹಳದಿ ಬಟ್ಟೆ ಬಿಚ್ಚಿ ಮುಖ ಒರೆಸಿಕೊಳ್ಳುವಾಗ ಮೂಲೆಯಲ್ಲಿ ಕನ್ನಡಕದ ಚಿತ್ರ, ಅಂಗಡಿಯ ಹೆಸರು ಕಂಡಿತು. ಆಗ ಗೊತ್ತಾಯಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಅದಕ್ಕೂ ಮುಂಚೆಯೇ ಗೊತ್ತಿತ್ತು. ಬ್ಯಾಗನ್ನು ಅಲ್ಲೇ ಬಿಟ್ಟರೆ ಎಲ್ಲರಿಗೂ ಕಾಣುತ್ತದೆ ಎಂದು ಅದನ್ನೂ ಬೆನ್ನಿಗೆ ಏರಿಸಿಕೊಂಡು ಹೊರಟಳು. ಇಪ್ಪತ್ತು ತಾಸಿನ ಓಟದಲ್ಲಿ ಪೂರ್ತಿ ಯೋಚಿಸಿ ಮಾಡಿದ ಕೆಲಸ ಅದೊಂದೇ. ಕೊನೆಯಲ್ಲಿ ಗೆರೆ ದಾಟಿದಾಗ ಯಾರೋ ಹೇಳಿದರು, ಆತ ಎಪ್ಪತ್ತರಲ್ಲೇ ಬಿಟ್ಟುಬಿಟ್ಟನಂತೆ, ಹೊಟ್ಟೆನೋವಂತೆ. ಆತ ಮತ್ತೆ ಯಾವ ಪಂದ್ಯದಲ್ಲೂ ಕಾಣಲಿಲ್ಲ. ಬ್ಯಾಗು ಕಳೆದುಹೋಯಿತು ಎಂದು ದೂರು ಕೊಡಲೂ ಇಲ್ಲ. ದೂರು ಕೊಟ್ಟಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಮೂರು ದಿನ ಕಳೆದು ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಆಗ ಅವಳು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು, ಬೂದು ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾರದೇ?" ಎಂದಳು ಅಕ್ಕ. "ಅಲ್ಲಿ ಕೊಟ್ರು" ಎಂದಳು ಅವಳು. ಅಕ್ಕ ಇನ್ನೇನೋ ಕೇಳುವವಳ ಹಾಗೆ ಅವಳ ಮುಖ ನೋಡಿದಳು, ತುಂಬ ಹೊತ್ತು ನೋಡಿದಳು, ಕೇಳಲಿಲ್ಲ. ಆ ನೋಟವೊಂದು ಸಾಕಾಗಿತ್ತು. ಮುಂದಿನ ವರ್ಷ ಪಂದ್ಯ ಬಂದಾಗ ಅಕ್ಕ, "ನಿನ್ನ ಬ್ಯಾಗು ನೀನೇ ಕಟ್ಕೋ, ನಂಗೆ ಯೂನಿಫಾರಂ ಕೆಲಸ ಜಾಸ್ತಿ" ಎಂದಳು. ಓಟ ನೋಡಲೂ ಬರಲಿಲ್ಲ. ಗೆದ್ದು ಬಂದರೆ, ಹೂಂ, ಒಳ್ಳೇದಾಯ್ತು ಎನ್ನುವುದು. ಅವಳಿಗೆ ಅರ್ಥವಾಗಿತ್ತು: ಅಕ್ಕನಿಗೆ ಗೊತ್ತಾಗಿದೆ, ಅಕ್ಕನಿಗೆ ಹೇಸಿಗೆಯಾಗಿದೆ. ಬೇರೆ ಮನೆ ಮಾಡುತ್ತೇನೆ ಎಂದಾಗ ಅಕ್ಕ ತಡೆಯಲಿಲ್ಲ. ಎರಡು ಬೀದಿಯಾಚೆ ಇದ್ದರೂ ಇಬ್ಬರೂ ಈಗ ಒಬ್ಬರನ್ನೊಬ್ಬರು, ಊಟ ಆಯ್ತಾ, ಆರೋಗ್ಯ ಹೇಗಿದೆ ಎಂದು ಕೇಳುವಷ್ಟು ದೂರದವರಾಗಿದ್ದರು.

ಅಂಗಡಿ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಗೋಡೆಯ ತುಂಬ ಖಾಲಿ ಕನ್ನಡಕಗಳು ಅವಳನ್ನೇ ನೋಡುತ್ತಿದ್ದವು. ಗಲ್ಲಾದ ಹಿಂದಿನಿಂದ ಎದ್ದು ಬಂದವನಿಗೆ ಹೊಟ್ಟೆ ಬಂದಿತ್ತು, ಕೆನ್ನೆ ತುಂಬಿತ್ತು. ನಾಲ್ಕು ವರ್ಷ ಗೆದ್ದ ಆ ಒಣಕಲು ಮನುಷ್ಯನನ್ನು ಯಾರೋ ಒಳಗಿಂದ ಗಾಳಿ ಊದಿ ತುಂಬಿಸಿದಂತೆ. ಆತ ಚೀಟಿ ನೋಡಿದ, ಅವಳನ್ನು ನೋಡಿದ. "ಓ, ನೀವಾ" ಎಂದ ಅಷ್ಟೇ. "ಒಳಗೆ ಬನ್ನಿ. ಇಲ್ಲಿ ಮಾತ್ರ ಕೂರಲೇಬೇಕಾಗುತ್ತೆ, ಏನೂ ಮಾಡಕ್ಕಾಗಲ್ಲ. ಅಕ್ಷರದ ಬೋರ್ಡು ಕೂತವರ ಎತ್ತರಕ್ಕೇ ಹಾಕಿರೋದು." ತಮಾಷೆಯೋ ಚುಚ್ಚಿದ್ದೋ ತಿಳಿಯಲಿಲ್ಲ. ಪರದೆ ಎಳೆದ ಇಕ್ಕಟ್ಟಾದ ಕೋಣೆಯಲ್ಲಿ ಎತ್ತರದ ಕುರ್ಚಿಯ ತುದಿಯಲ್ಲಿ, ಅರ್ಧ ಭಾರ ಕಾಲಿನ ಮೇಲೇ ಬಿಟ್ಟುಕೊಂಡು, ಅವಳು ಕೂತ ಹಾಗೆ ಮಾಡಿದಳು. ಆತ ಅವಳ ಮೂಗಿನ ಮೇಲೆ ಕಬ್ಬಿಣದ ಭಾರವಾದ ಪರೀಕ್ಷೆಯ ಚೌಕಟ್ಟು ಇಟ್ಟ. ಅದು ಜಾರಿತು. ತಾನು ಹೇಗೆ ಕಾಣುತ್ತಿರಬಹುದು ಎಂದು ಅವಳಿಗೆ ನಾಚಿಕೆಯಾಯಿತು. ಈ ಸ್ಥಿತಿಯಲ್ಲೇ ಹೇಳಬೇಕು. ಗಂಭೀರವಾಗಿ ನಿಂತು, ಕೈಮುಗಿದು ಹೇಳಬೇಕು ಎಂದು ಒಂಬತ್ತು ವರ್ಷ ಜೋಡಿಸಿಟ್ಟ ಮಾತುಗಳು ಈ ಚೌಕಟ್ಟಿನ ಕೆಳಗೆ ಹೇಗೆ ಬರುತ್ತವೆ?

"ಬಲಗಣ್ಣು. ಇದು ಸ್ಪಷ್ಟನಾ?" ಗಾಜಿನ ಬಿಲ್ಲೆ ಟಕ್ ಎಂದು ಕೂತಿತು. "ಇದಾ?"

"ಮೊದಲನೇದು." ಅದೇ ಉಸಿರಿನಲ್ಲಿ ಸೇರಿಸಿದಳು: "ಅವತ್ತು ಶೆಡ್ಡಲ್ಲಿ ನಿಮ್ಮ ಬ್ಯಾಗು ತಗೊಂಡು ಹೋದವಳು ನಾನೇ."

"ಗೊತ್ತು. ಇದು? ಈಗ?"

"ಸ್ವಲ್ಪ ಪರವಾಗಿಲ್ಲ." ಜಾರುತ್ತಿದ್ದ ಚೌಕಟ್ಟನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಳು. "ಗೊತ್ತಿಲ್ದೇ ಅಲ್ಲ. ತೆಗೆದಾಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಹಾಕ್ಕೊಂಡೆ."

"ನಂಗೆ ಅಲ್ಲೇ ಹೇಳಿದ್ರು. ಆ ನರ್ಸಮ್ಮ, ಹಳದಿ ಬಟ್ಟೆ ಬ್ಯಾಗು ಈಗ ತಾನೇ ಆಯಮ್ಮ ತಗೊಂಡೋದ್ಲು ಅಂತ. ಎಡಗಣ್ಣು ಮುಚ್ಚಿ. ಅದಲ್ಲ, ಅದು ಬಲಗಣ್ಣು."

ಅವಳು ಕಣ್ಣು ಬದಲಿಸಿದಳು. ಚೀಲಕ್ಕೆ ಕೈಹಾಕಿ ತಡಕಾಡಿ ಕಾಗದದ ಪೊಟ್ಟಣವನ್ನು ಆತನ ಕಡೆ ಚಾಚಿದಳು. ಆತ ಬಿಚ್ಚಿ ನೋಡಿದ. ಕಾಲುಚೀಲದೊಳಗೆ ಕೈ ತೂರಿಸಿದಾಗ ತುದಿಯಿಂದ ಹೆಬ್ಬೆರಳು ಹೊರಗೆ ಬಂತು. "ಮೇಡಂ, ತೂತು ಮಾಡಿದೀರಲ್ಲ" ಎಂದ. ಅವಳಿಗೆ ಅಳು ಬಂದುಬಿಟ್ಟಿತು. ಆ ಚೌಕಟ್ಟು ಹಾಕಿಕೊಂಡು ಅತ್ತರೆ ಕಣ್ಣೀರು ಹೋಗುವುದಕ್ಕೆ ದಾರಿಯಿರಲಿಲ್ಲ, ಬಿಲ್ಲೆಗಳ ಒಳಗೇ ಆವಿಯಾಗಿ ಲೋಕವೆಲ್ಲ ಬೆಳ್ಳಗಾಯಿತು. "ಅಯ್ಯಯ್ಯೋ" ಎಂದು ಆತ ಗಾಬರಿಯಾಗಿ ಚೌಕಟ್ಟು ತೆಗೆದು ಒರೆಸತೊಡಗಿದ. ಒರೆಸುತ್ತಿದ್ದದ್ದು ಅದೇ ಹಳದಿ ಬಟ್ಟೆಯಿಂದ, ಅಂದರೆ ಅಂಥದೇ ಇನ್ನೊಂದರಿಂದ. ತಲೆಯೆತ್ತದೆ ಹೇಳಿದ: "ನಾನೂ ಒಂದು ಮಾತು ಹೇಳ್ಬೇಕು ಮೇಡಂ. ನಿಮ್ಮ ಆಲೂಗಡ್ಡೆ ತಿಂದೆ. ಬೇಯಿಸಿದ್ದು. ಆರಿತ್ತು, ಆರೂ ತಿಂದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಆತ ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ನಲವತ್ತನೆಯ ಮೈಲಿಯಿಂದಲೇ ಬಿಟ್ಟುಬಿಡಬೇಕು ಅನ್ನಿಸಿತ್ತಂತೆ. ಅವತ್ತು ಮಾತ್ರವಲ್ಲ, ಅದರ ಹಿಂದಿನ ವರ್ಷದಿಂದಲೇ. ಆದರೆ ಚಾಂಪಿಯನ್ನು, ಊರಿಗೆ ಊರೇ ಕಾಯುತ್ತಿದೆ. ಸುಮ್ಮನೆ ಬಿಡುವುದು ಹೇಗೆ? "ಒಂದ್ಸಲ ಕೂತ್ರೆ ಏಳಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ಆ ಕಾಗದ ಬರೆದು ಅಂಟಿಸ್ಕೊಂಡಿದ್ದೆ. ನನಗೆ ನಾನೇ ಪೊಲೀಸು." ಶೆಡ್ಡಿಗೆ ಬಂದ. ಬ್ಯಾಗಿಲ್ಲ, ಕಾಗದವಿಲ್ಲ. ರಾಶಿಯಲ್ಲಿ ಇನ್ನೊಂದು ಹಳದಿ ಇತ್ತು, ತೆಗೆದ. ಕಾಲುಚೀಲ ಚಿಕ್ಕದು, ಹತ್ತಲಿಲ್ಲ. ಆಲೂಗಡ್ಡೆಯ ಡಬ್ಬಿಯ ಮೇಲೆ ಒಂದು ಚೀಟಿ ಇತ್ತು.

"ಚೀಟಿನಾ?" ಎಂದಳು ಅವಳು.

ಆತ ಎದ್ದು ಹೊರಗೆ ಹೋಗಿ, ಡ್ರಾಯರುಗಳನ್ನು ಎಳೆದಾಡಿ ವಾಪಸ್ ಬಂದ. ಮತ್ತೆ ಚೌಕಟ್ಟು ಅವಳ ಮೂಗಿಗೇರಿಸಿ, ಎರಡು ಬಿಲ್ಲೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ಅವಳ ಕೈಗೆ ಕೊಟ್ಟ. "ಹತ್ತಿರದ ಓದು ಪರೀಕ್ಷೆ ಮಾಡ್ಬೇಕು. ಅಕ್ಷರ ಸಣ್ಣದಿದೆ. ನಿಧಾನಕ್ಕೆ ಓದಿ."

ಮೊದಲು ಕಂಡದ್ದು ಬರೀ ಗೀರುಗಳು. ಆಮೇಲೆ ಗೀರುಗಳು ಒಂದೊಂದಾಗಿ ಅಕ್ಷರಗಳಾದವು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವವಳ ಬಾಗಿದ ಬರಹ, ಯೂನಿಫಾರಂ ಅಳತೆಪುಸ್ತಕದಿಂದ ಹರಿದ ಹಾಳೆ.

'ತಂಗೀ, ಆಲೂಗಡ್ಡೆಗೆ ಉಪ್ಪು ಜಾಸ್ತಿ ಹಾಕಿದೀನಿ, ಬೇಕಂತಲೇ. ಕಾಲು ಚೆನ್ನಾಗಿ ಒರೆಸ್ಕೊಂಡು ಸಾಕ್ಸ್ ಹಾಕ್ಕೋ. ಇಷ್ಟು ದೂರ ಬಂದಿದೀಯಲ್ಲ, ಅದೇ ಎಷ್ಟೋ ಆಯ್ತು. ಸಾಕು ಅನ್ನಿಸಿದ್ರೆ ಬಂದ್ಬಿಡು. ಯಾರೂ ಏನೂ ಅನ್ನಲ್ಲ. ಅಂದ್ರೆ ನಾನಿದೀನಿ.'

"ಓದಕ್ಕಾಯ್ತಾ?" ಎಂದ ಆತ. ಅವಳು ತಲೆಯಾಡಿಸಿದಳು. "ನಂಗೇ ಬರೆದ ಹಾಗಿತ್ತು ಮೇಡಂ. ಮೇಲೆ ತಂಗೀ ಅಂತ ಇತ್ತು, ಅದೊಂದು ಬಿಟ್ಟು ಓದ್ಕೊಂಡೆ. ನಂಗೆ ಯಾರೂ ಹಂಗೆ ಹೇಳಿರ್ಲಿಲ್ಲ. ಕೂತ್ಬಿಟ್ಟೆ. ಆಲೂಗಡ್ಡೆ ತಿಂತಾ ಕೂತೆ. ಹೊಟ್ಟೆನೋವು ಅಂದೆ ಎಲ್ಲರಿಗೂ, ನಮ್ಮನೆಯವಳಿಗೂ. ಬೇರೆಯವರ ಕಾಗದ ಓದಿದ್ದು ತಪ್ಪು, ಕೊಡದೇ ಇಟ್ಕೊಂಡಿದ್ದು ಇನ್ನೂ ತಪ್ಪು. ಎಷ್ಟು ಸಲ ನಿಮ್ಮ ಕಚೇರಿ ತನಕ ಬಂದಿದೀನಿ ಗೊತ್ತಾ? ಬಂದು ನಲ್ಲಿ ರಿಪೇರಿಗೆ ಅರ್ಜಿ ಕೊಟ್ಟು ವಾಪಸ್ ಹೋಗೋದು. ನಮ್ಮನೇಲಿ ಕೆಟ್ಟಿರೋ ನಲ್ಲೀನೇ ಇಲ್ಲ."

ಅವಳು ನಕ್ಕಳು. ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ನಗುವಿನ ಉಳಿದರ್ಧವೂ ಸೇರಿ ಬಂದ ಹಾಗಿತ್ತು. ಆದರೆ ನಗು ಇಳಿದ ಮೇಲೆ ಒಳಗೆ ಒಂದು ಮುಳ್ಳು ಇನ್ನೂ ಇತ್ತು. ಈತ ಒಳ್ಳೆಯವನು, ಒಳ್ಳೆಯವರು ಸಮಾಧಾನಕ್ಕೆ ಏನನ್ನೂ ಹೇಳುತ್ತಾರೆ. ಕೇಳದಿದ್ದರೆ ಇನ್ನೊಂಬತ್ತು ವರ್ಷ ಇದನ್ನೇ ಹೊರಬೇಕು. "ನಿಮ್ಮ ಬ್ಯಾಗು ಅಲ್ಲೇ ಇದ್ದಿದ್ರೆ?" ಎಂದಳು.

ಆತ ಕಾಲುಚೀಲದ ತೂತಿನಲ್ಲಿ ಬೆರಳು ಆಡಿಸುತ್ತ ಯೋಚಿಸಿದ. ಅಷ್ಟು ಹೊತ್ತು ಯೋಚಿಸಿದ್ದೇ ಅವಳಿಗೆ ನೆಮ್ಮದಿ ಕೊಟ್ಟಿತು. ಸುಳ್ಳಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. "ನಾಲ್ಕು ನಿಮಿಷ ನಿಂತು ಹೋಗಿರ್ತಿದ್ದೆ. ನಿಮ್ಮನ್ನ ಹಿಡೀತಿದ್ದೆ ಕೂಡ, ಸುಳ್ಳು ಯಾಕೆ ಹೇಳ್ಲಿ. ತೊಂಬತ್ತರ ಹತ್ತಿರ ಹಿಡೀತಿದ್ದೆ. ಹಿಡಿದು, ಗೆದ್ದು, ಮುಂದಿನ ವರ್ಷ ಮತ್ತೆ. ಅದರ ಮುಂದಿನ ವರ್ಷ ಮತ್ತೆ." ಅವಳನ್ನೇ ನೋಡಿದ. "ನೀವು ಮಾಡಿದ್ರಲ್ಲ, ಅದನ್ನೇ."

ಅಂದರೆ ಗೆಲುವು ಕದ್ದದ್ದೇ. ಅದು ಹಾಗೇ ಉಳಿಯಿತು, ಯಾರೂ ಅದನ್ನು ಒರೆಸಿ ಹಾಕಲಿಲ್ಲ. ವಿಚಿತ್ರವೆಂದರೆ ಹಾಗೆ ಸ್ಪಷ್ಟವಾಗಿ ಕಂಡ ಮೇಲೆ ಅದು ಅಷ್ಟು ದೊಡ್ಡದಾಗಿರಲಿಲ್ಲ. ಮೂರು ಮೂರರಷ್ಟೇ ಇತ್ತು, ಎಂಟರಷ್ಟಲ್ಲ. ಆ ಒಂದು ವರ್ಷದ ಪದಕ ಇನ್ನೂ ಮನೆಯಲ್ಲಿದೆ, ಕಾರ್ಯದರ್ಶಿಗಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದಳು. ಆತ ಎರಡೂ ಕೈ ಆಡಿಸಿದ. "ಹೇಳಿ, ಬೇಡ ಅನ್ನಲ್ಲ. ಪದಕ ಮಾತ್ರ ನಂಗೆ ಕೊಡ್ಬೇಡಿ, ಮನೇಲಿ ನಾಲ್ಕಿದೆ, ಉಜ್ಜಿ ಉಜ್ಜಿ ಸಾಕಾಗಿದೆ. ಹೇಳೋ ಮುಂಚೆ ಒಂದು ದಿನ ಟೈಮ್ ಕೊಡಿ. ಹೊಟ್ಟೆನೋವಿನ ವಿಷಯ ನಮ್ಮನೆಯವಳಿಗೆ ನಾನೇ ಹೇಳ್ತೀನಿ." ಅವಳ ಕನ್ನಡಕ ತಯಾರಾಗಲು ಮೂರು ದಿನ ಬೇಕೆಂದು, ಅಲ್ಲಿಯವರೆಗೆ ಇರಲಿ ಎಂದು, ಗೋಡೆಯಿಂದ ಒಂದು ಸಿದ್ಧ ಕನ್ನಡಕ ಕೊಟ್ಟ. ಚೀಟಿಯನ್ನು ಅವಳು ಕೇಳಲಿಲ್ಲ, ಆತನೇ ಕೊಟ್ಟ. ಕೊಡುವ ಮುಂಚೆ ಇನ್ನೊಮ್ಮೆ ಓದಿಕೊಂಡ.

ಅಕ್ಕನ ಹೊಲಿಗೆ ಕೋಣೆಯ ಬಾಗಿಲು ತೆರೆದಿತ್ತು. ಮಿಷನ್ನಿನ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಶಾಲೆ ತೆರೆಯುವ ಸಮಯ. ನೆಲದ ಮೇಲೆ, ಸ್ಟೂಲಿನ ಮೇಲೆ, ಕಿಟಕಿಯ ಮೇಲೆ ತೋಳಿಲ್ಲದ ನೀಲಿ ಅಂಗಿಗಳ ರಾಶಿ. ಅಕ್ಕ ತಲೆಯೆತ್ತಿ, "ಏನೇ ಇದು, ಕನ್ನಡಕ? ಅಜ್ಜಿ ಥರ ಕಾಣ್ತೀಯ" ಎಂದಳು. ಆಮೇಲೆ ದೂರದವರ ದನಿಗೆ ಮರಳಿ, "ಆರೋಗ್ಯ ತಾನೇ?" ಎಂದಳು. ಅವಳು ಚೀಟಿಯನ್ನು ಮಿಷನ್ನಿನ ಮೇಲಿಟ್ಟಳು. ಅಕ್ಕ ನೋಡಿದಳು. ಕಾಲು ಪೆಡಲಿನ ಮೇಲೆ ನಿಂತಿತು.

"ಇದನ್ನ ಯಾಕೆ ತಂದೆ ಈಗ?" ಅಕ್ಕನ ಮುಖ ಕೆಂಪಾಯಿತು. "ಗೊತ್ತು ಮಾರಾಯ್ತಿ, ನಾನು ಹಂಗೆ ಬರೀಬಾರ್ದಿತ್ತು. ನೀನು ಓಡ್ತಿರೋವಾಗ ಬಂದ್ಬಿಡು ಅಂತ ಬರೆದೆ. ನೀನು ಅದನ್ನ ಓದಿ ಸಿಟ್ಟಿಗೆ ಗೆದ್ದು ಬಂದೆ. ಬಂದು ಒಂದು ಮಾತು ಆಡ್ಲಿಲ್ಲ. ನಾನು ಕೊಟ್ಟ ಸಾಕ್ಸೂ ಹಾಕ್ಕೊಳ್ಳದೆ ಇನ್ಯಾರದ್ದೋ ಹಾಕ್ಕೊಂಡು ಬಂದೆ. ಅವತ್ತೇ ಅರ್ಥ ಆಯ್ತು ನಂಗೆ. ಇವಳ ಕಾಲಿಗೆ ಅಡ್ಡ ಬಂದೆ, ಇನ್ನು ಬರಬಾರ್ದು ಅಂತ."

ಅವಳಿಗೆ ಆ ನೋಟ ನೆನಪಾಯಿತು, ಕ್ಲಿಪ್ಪು ಕಚ್ಚಿಕೊಂಡು ಏನೋ ಕೇಳಲು ಕಾಯುತ್ತಿದ್ದ ಆ ಮುಖ. ಒಂಬತ್ತು ವರ್ಷ ತಾನು ಓದಿದ್ದು ತಪ್ಪು ಅಂಕಿ. "ಅಕ್ಕಾ, ನಾನು ಇದನ್ನ ಓದಿದ್ದೇ ಇವತ್ತು" ಎಂದಳು. ಬ್ಯಾಗು, ಹಳದಿ ಬಟ್ಟೆ, ಆಲೂಗಡ್ಡೆ, ಆತನ ಕಾಗದ, ಒಂದರ ಮೇಲೊಂದು ಬಿದ್ದು ಹೇಗೋ ಹೊರಬಂದವು. ಅಕ್ಕ ಬಾಯಿ ತೆರೆದು ಕೇಳಿಸಿಕೊಂಡಳು. ತಂಗಿ ಕದ್ದಳೆಂಬುದಕ್ಕೆ ಬೈಯುತ್ತಾಳೆ ಎಂದು ಅವಳು ಕಾದಳು. "ತಿರುಗಿ ನೋಡೋದಲ್ವೇನೇ" ಎಂದು ಅಕ್ಕ ಒಂದೇ ಒಂದು ಸಲ ಅಂದಳು. ಅದು ಬೈಗುಳವೇ, ಮೆತ್ತಗಿದ್ದದ್ದಕ್ಕೇ ಹೆಚ್ಚು ನಾಟಿತು. ಆಮೇಲೆ ಚೀಟಿಯನ್ನು ಕೈಗೆತ್ತಿಕೊಂಡು, "ಹಾಗಾದ್ರೆ ಆಯಪ್ಪ ಬಂದ್ಬಿಟ್ನಾ? ನನ್ನ ಚೀಟಿ ನೋಡಿ?" ಎಂದಳು.

"ಬಂದ್ಬಿಟ್ಟ."

"ಸದ್ಯ! ಒಬ್ಬರಾದ್ರೂ ನನ್ನ ಮಾತು ಕೇಳಿದ್ರಲ್ಲ" ಎಂದು ಅಕ್ಕ ಹಣೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಉಪ್ಪು ಜಾಸ್ತಿ ಆಯ್ತು ಅಂದ್ನಾ?"

"ಅನ್ಲಿಲ್ಲ. ಆರೂ ತಿಂದನಂತೆ."

ಜೇಬಿನಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಈ ಸಲ ತೆಗೆದಳು. ಕಾರ್ಯದರ್ಶಿ ಉಸಿರು ಬಿಡದೆ ಮಾತಾಡಿದರು: ಹೆಸರು ಅಚ್ಚಿಗೆ ಹೋಗಬೇಕು, ಕೂರದವಳು ಇಲ್ಲದೆ ಪಂದ್ಯ ಹೇಗೆ, ಏನು ಹೇಳುತ್ತೀರಿ. "ಓಡಲ್ಲ ಸಾರ್" ಎಂದಳು. "ಮಂಡಿನಾ?" "ಮಂಡಿ ಅಲ್ಲ. ಸಾಕು ಅನ್ನಿಸ್ತು." "ಸಾಕು ಅಂದ್ರೆ? ಪತ್ರಿಕೆಯವರಿಗೆ ಏನು ಕಾರಣ ಹೇಳ್ಲಿ?" "ಅದೇ ಕಾರಣ ಸಾರ್. ಇನ್ನೊಂದು ವಿಷಯ ಹೇಳೋದಿದೆ, ಎರಡು ದಿನ ಬಿಟ್ಟು ನಾನೇ ಬಂದು ಹೇಳ್ತೀನಿ." ಇಟ್ಟುಬಿಟ್ಟಳು. ಏನೂ ಬೀಳಲಿಲ್ಲ, ಏನೂ ಒಡೆಯಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತ ಹೋದರು.

"ಯಾಕೆ ಕಂಬದ ಹಾಗೆ ನಿಂತಿದೀಯ" ಎಂದಳು ಅಕ್ಕ, ಸ್ಟೂಲಿನ ಮೇಲಿನ ಅಂಗಿಗಳನ್ನು ಎತ್ತಲೂ ಹೋಗದೆ, ಮತ್ತೆ ಮಿಷನ್ನಿನ ಕಡೆ ಬಗ್ಗಿ. "ಅದರ ಮೇಲೇ ಕೂತ್ಕೋ. ಹೆಂಗೂ ಇಸ್ತ್ರಿ ಆಗ್ಬೇಕು." ಅವಳು ಕೂತಳು. ಮೊದಲು ತುದಿಯಲ್ಲಿ, ಅಭ್ಯಾಸದಂತೆ. ಆಮೇಲೆ ಹಿಂದಕ್ಕೆ ಸರಿದು, ಎರಡೂ ಪಾದಗಳನ್ನು ನೆಲದಿಂದ ಎತ್ತಿ, ಭಾರವನ್ನೆಲ್ಲ ಆ ಮೆತ್ತನೆಯ ರಾಶಿಯ ಮೇಲೆ ಬಿಟ್ಟಳು. ಮಂಡಿ ಒಂದು ಸಲ ಲಟಕ್ ಎಂದಿತು, ಸುಮ್ಮನಾಯಿತು. ಮಿಷನ್ನು ಓಡುತ್ತಿತ್ತು. ಅಕ್ಕನ ತಲೆಯ ಮೇಲೆ ಗೋಡೆಯಲ್ಲಿದ್ದ ಗಡಿಯಾರ ಹೊಸ ಕನ್ನಡಕದೊಳಗಿಂದ ಮಂಜುಮಂಜಾಗಿ ಕಾಣುತ್ತಿತ್ತು. ಅದು ಹತ್ತಿರದ್ದನ್ನು ಓದುವ ಕನ್ನಡಕ. ತೆಗೆದು ನೋಡಬಹುದಿತ್ತು. ಅವಳು ತೆಗೆಯಲಿಲ್ಲ. ನಾಲ್ಕು ನಿಮಿಷ ಆಗಿ ಎಷ್ಟೋ ಹೊತ್ತಾಗಿರಬೇಕು.